ಬದುಕಿದ್ದವನಿಗೆ ಎಡೆ

ಗಂಡ ಎಲ್ಲಿ ಎಂದು ಈ ಕರಾವಳಿಯ ಊರುಗಳಲ್ಲಿ ಯಾರೂ ಬಂದ ಕೂಡಲೇ ಕೇಳುವುದಿಲ್ಲ. ಮೊದಲು ಕುರ್ಚಿ ಕೊಡುತ್ತಾರೆ, ಆಮೇಲೆ ನೀರು, ಆಮೇಲೆ ಮಕ್ಕಳೆಷ್ಟು ಎಂಬ ಪ್ರಶ್ನೆ, ನಿಮ್ಮ ಕಡೆ ಹಿಮ ಮೊಣಕಾಲಿನವರೆಗೂ ಬೀಳುತ್ತದಂತೆ ಹೌದೇ ಎಂಬ ಪ್ರಶ್ನೆ. ಇಷ್ಟೆಲ್ಲ ಮುಗಿದು ಮಾತು ಇನ್ನೇನು ನಿಂತೇಹೋಯಿತು ಅನ್ನುವಾಗ, ಸೊಳ್ಳೆ ಓಡಿಸುವ ಹಾಗೆ ಕೈಯಾಡಿಸುತ್ತ, ‘ಯಜಮಾನರು?’ ಅಂದುಬಿಡುತ್ತಾರೆ. ಆ ಕೈಯಾಡಿಸುವುದು ಕಂಡರೆ ಸಾಕು, ಆರ್ಲೀನ್‌ಗೆ ಎದ್ದು ಹೊರಡಲೊಂದು ನೆಪ ಬೇಕಾಗುತ್ತಿತ್ತು. ಈ ಬಿಸಿಲ ದೇಶದಲ್ಲಿ ಮೊದಲು ಬಂದಿಳಿದ ಮಸತ್ಲಾನಿನಲ್ಲಿ ಅವಳು ನಿಜವನ್ನೇ ಹೇಳಿದ್ದಳು: ಕೆನಡಾದಲ್ಲಿದ್ದಾನೆ, ಮರೆವಿನ ಕಾಯಿಲೆ, ಆರೈಕೆಯ ಮನೆಯಲ್ಲಿ ಬಿಟ್ಟಿದ್ದೇವೆ, ನನ್ನ ಗುರುತು ಹತ್ತುವುದಿಲ್ಲ. ಬಟ್ಟೆ ಒಗೆದುಕೊಡುತ್ತಿದ್ದ ಹೆಂಗಸು ಇವಳ ಅಂಗಿ ಮಡಚುತ್ತ, ಒಂದಿಷ್ಟೂ ಕೊಂಕಿಲ್ಲದೆ, ‘ಹಾಗಾದ್ರೆ ನೀವಿಲ್ಲಿ ಏನ್ ಮಾಡ್ತಿದೀರಿ?’ ಎಂದು ಕೇಳಿದ್ದಳು. ಕೊಂಕಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮಾರನೆಯ ದಿನವೇ ಆರ್ಲೀನ್ ಅಲ್ಲಿಂದ ಗಂಟುಮೂಟೆ ಕಟ್ಟಿದಳು. ಗುವಾಯಾಬಿತೋಸಿನಲ್ಲಿ ‘ಬೇರೆಯಾಗಿದ್ದೇವೆ’ ಅಂದು ನೋಡಿದಳು. ಅಲ್ಲಿ ಮನೆಯೊಡೆಯ ಹೊತ್ತಲ್ಲದ ಹೊತ್ತಿನಲ್ಲಿ ನಲ್ಲಿ ರಿಪೇರಿಗೆ ಬರತೊಡಗಿದ, ಅವನ ಹೆಂಡತಿ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಳು. ಅಲ್ಲಿಂದ ಸಾನ್ ಬ್ಲಾಸಿಗೆ ಬರುವ ಬಸ್ಸಿನಲ್ಲಿ ಪಕ್ಕದ ಮುದುಕಿ ಅದೇ ಕೈಯಾಡಿಸಿದಾಗ, ಯೋಚಿಸುವ ಮೊದಲೇ, ಕೆಮ್ಮು ಬಂದ ಹಾಗೆ ಬಾಯಿಂದ ಬಂದುಬಿಟ್ಟಿತು: ‘ತೀರಿಕೊಂಡರು.’ ಮುದುಕಿ ಅವಳ ಕೈ ಹಿಡಿದುಕೊಂಡಳು. ಘಟ್ಟದ ತಿರುವುಗಳೆಲ್ಲ ಮುಗಿಯುವವರೆಗೂ ಬಿಡಲಿಲ್ಲ. ಖಾರದಪುಡಿ ಉದುರಿಸಿದ ಅರ್ಧ ಕಿತ್ತಳೆ ತಿನ್ನಿಸಿದಳು. ಆರ್ಲೀನ್ ಕಿತ್ತಳೆ ಚೀಪುತ್ತ ಗೊಳೋ ಎಂದು ಅತ್ತಳು, ಮತ್ತು ಆ ಅಳುವಿನಲ್ಲಿ ಸುಳ್ಳು ಒಂದು ಹನಿಯೂ ಇರಲಿಲ್ಲ.

ಹೀಗೆ ಅವಳು ಸಾನ್ ಬ್ಲಾಸಿನಲ್ಲಿ ವಿಧವೆಯಾಗಿ ಬಂದಿಳಿದದ್ದು. ವಿಧವೆಗೆ ಈ ಊರಲ್ಲಿ ಒಂದು ಜಾಗವಿದೆ. ಮೀನಿನ ಅಂಗಡಿಯಲ್ಲಿ ಒಳ್ಳೆಯ ತುಂಡು ಎತ್ತಿಡುತ್ತಾರೆ, ಚರ್ಚಿನ ಬೆಂಚಿನಲ್ಲಿ ಸರಿದು ಕೂರುತ್ತಾರೆ, ಸಂಜೆ ಕಣ್ಣಿಗೆ ಕಾಣದ ಮರಳುನೊಣಗಳು ಮುತ್ತುವಾಗ ‘ಬಾರಮ್ಮ, ಹೊಗೆ ಹತ್ರ ಕೂತ್ಕೋ’ ಎಂದು ತೆಂಗಿನ ಸಿಪ್ಪೆಯ ಹೊಗೆಗೆ ಕರೆಯುತ್ತಾರೆ. ಅವಳಿಗೆ ಮಾಳಿಗೆಯ ಕೋಣೆ ಬಾಡಿಗೆಗೆ ಕೊಟ್ಟ ಕೂಕಾ, ಊರೆಲ್ಲ ‘ದೋನ್ಯಾ’ ಅಂದರೆ ಅಮ್ಮಾವ್ರೇ ಎಂದು ಕರೆಯುವವಳು, ಕೂಡ ವಿಧವೆಯೇ. ದಪ್ಪ ಕಾಲಿನ, ದೊಡ್ಡ ಗಂಟಲಿನ ಹೆಂಗಸು. ಬಾಳೆಹಣ್ಣಿನ ಬ್ರೆಡ್ಡು ಸುಟ್ಟು ಮಾರುತ್ತಾಳೆ. ಬೈದರೆ ಬೀದಿಯ ಆ ತುದಿಯ ನಾಯಿ ಎದ್ದು ಕೂರಬೇಕು. ಆದರೆ ವೆಂಡೆಲ್‌ನ ಹೆಸರು ಬಂದರೆ ಮಾತ್ರ ಗಂಟಲು ತಗ್ಗಿಸಿ, ‘ನಿನ್ನೋನು ಹೆಂಗಿದ್ದ, ಹೇಳು’ ಅನ್ನುತ್ತಾಳೆ. ಆರ್ಲೀನ್ ಹೇಳುತ್ತಾಳೆ. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಗಂಟೆಗಟ್ಟಲೆ ಮೀನಿಗೆ ಕಾಯುತ್ತಿದ್ದದ್ದು, ಬ್ರೆಡ್ಡಿನ ಮೇಲೆ ಬೆಣ್ಣೆ ಹಚ್ಚಿ ಸಕ್ಕರೆ ಮತ್ತು ದಾಲ್ಚಿನ್ನಿ ಉದುರಿಸಿಕೊಂಡು ತಿನ್ನುತ್ತಿದ್ದದ್ದು, ಸಿಟ್ಟು ಬಂದರೆ ಕಾರಿನ ಕೆಳಗೆ ನುಗ್ಗಿ ಮಲಗಿ ಏನಾದರೂ ಬಿಚ್ಚಿ ಜೋಡಿಸುತ್ತಿದ್ದದ್ದು. ಹೇಳುತ್ತ ಹೇಳುತ್ತ ಅವಳಿಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕುತ್ತದೆಂದರೆ ಅವಳಿಗೇ ಆಶ್ಚರ್ಯ. ವೆಂಡೆಲ್‌ನನ್ನು ತಾನು ಪ್ರೀತಿಸತೊಡಗಿದ್ದು ಅವನನ್ನು ಸಾಯಿಸಿದ ಮೇಲೆಯೇ ಎಂದು ಒಮ್ಮೆ ಪಾತ್ರೆ ತೊಳೆಯುತ್ತಿದ್ದಾಗ ಅವಳಿಗೆ ಹೊಳೆದಿತ್ತು. ಬದುಕಿದ್ದ ವೆಂಡೆಲ್ ಬೇರೆ. ಅವನು ಒಂದು ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ತುಂಬ ಮರ್ಯಾದೆಯಿಂದ, ‘ನೀವು ಹೋಗಬಹುದು, ನನ್ನ ಹೆಂಡತಿ ಇನ್ನೇನು ಬಂದುಬಿಡ್ತಾಳೆ’ ಅಂದಿದ್ದ. ನಾನೇ ಕಣೋ ಅಂದರೆ ನಕ್ಕು, ‘ಇಲ್ಲಮ್ಮ, ಅವಳಿಗಿನ್ನೂ ಚಿಕ್ಕ ವಯಸ್ಸು’ ಅಂದಿದ್ದ.

ಇವತ್ತು ಬೆಳಿಗ್ಗೆ ಮಗಳು ಶೆರಿಲ್ ಫೋನು ಮಾಡಿದ್ದಳು. ಪರದೆಯಲ್ಲಿ ಮೊದಲು ಅವಳ ಮೂಗು, ಆಮೇಲೆ ಆರೈಕೆಯ ಮನೆಯ ಹಸಿರು ಗೋಡೆ. ‘ಅಮ್ಮಾ, ಅಪ್ಪ ನಿನ್ನೆಯಿಂದ ಮತ್ತೆ ಬಾಗಿಲ ಹತ್ರ ಹೋಗಿ ನಿಂತ್ಕೊತಿದಾನೆ. ಕೋಟು ಟೋಪಿ ಎಲ್ಲ ಹಾಕ್ಕೊಂಡು. ಹೊರಡಬೇಕಂತೆ.’ ಎಲ್ಲಿಗಂತೆ ಎಂದು ಆರ್ಲೀನ್ ಕೇಳಿದಳು. ‘ಅದನ್ನ ಹೇಳಲ್ಲ. ಈ ಸಲ ದಾರಿ ಗೊತ್ತು ಅಂತಾನೆ, ಅಷ್ಟೇ.’ ಶೆರಿಲ್ ಫೋನು ತಿರುಗಿಸಿದಾಗ ಅವನು ಕಂಡ. ಕಿವಿ ಮುಚ್ಚುವ ಕೆಂಪು ಟೋಪಿ, ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಗಾಜಿನ ಬಾಗಿಲಿಗೆ ಹಣೆ ತಾಗಿಸಿ ನಿಂತ ಬೆನ್ನು. ‘ನೀನು ಯಾವಾಗ ಬರ್ತೀಯಾ?’ ಎಂದು ಶೆರಿಲ್ ಕೇಳಲಿಲ್ಲ. ಕೇಳುವುದನ್ನು ಅವಳು ನಿಲ್ಲಿಸಿ ಬಹಳ ದಿನವಾಗಿತ್ತು, ಅದು ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು. ‘ಅಲ್ಲಿ ಬಿಸಿಲಾ?’ ಅಂತ ಮಾತ್ರ ಕೇಳಿದಳು. ಬಿಸಿಲು ಎಂದು ಆರ್ಲೀನ್ ಒಪ್ಪಿಕೊಂಡಳು, ಅಪರಾಧ ಒಪ್ಪಿಕೊಂಡಂತೆ.

ಫೋನಿಟ್ಟು ಮೆಟ್ಟಿಲಿಳಿದರೆ ಮನೆಯೆಲ್ಲ ಚೆಂಡುಹೂವಿನ ಘಾಟು. ಇವತ್ತು ವರ್ಷಕ್ಕೊಮ್ಮೆ ಸತ್ತವರು ಮನೆಗೆ ಬರುವ ದಿನ. ಮಕ್ಕಳಾಗಿದ್ದಾಗಲೇ ಸತ್ತವರು ಮುಂಜಾನೆಯೇ ಬಂದಾಗಿದೆ, ದೊಡ್ಡವರು ಮಧ್ಯಾಹ್ನದ ಚರ್ಚಿನ ಗಂಟೆಗೆ ಬರುತ್ತಾರೆ. ನಡುಮನೆಯ ಮೇಜಿನ ಮೇಲೆ ಕೂಕಾ ಎಡೆ ಜೋಡಿಸಿಯಾಗಿತ್ತು: ನೀರು, ಉಪ್ಪು, ಮೇಣದ ಬತ್ತಿ, ಬ್ರೆಡ್ಡು, ಚಿಪ್ಪುಮೀನಿನ ಸಾರು, ಮೂಲೆಯಲ್ಲೊಂದು ಡಾಮಿನೋ ಆಟದ ಬಿಲ್ಲೆಗಳ ಪೆಟ್ಟಿಗೆ. ಮಧ್ಯದಲ್ಲಿ ಕೂಕಾಳ ಗಂಡ ಚೇಮಾ, ಮೀಸೆಯಡಿ ನಗು ಬಚ್ಚಿಟ್ಟುಕೊಂಡ ಫೋಟೋ. ಅವನ ಪಕ್ಕದ ಫೋಟೋದಲ್ಲಿ ಅದೇ ಕೆಂಪು ಟೋಪಿ, ಕೈಯಲ್ಲಿ ಮೀನು, ಬೆನ್ನ ಹಿಂದೆ ಬಿಳಿ ಕೆರೆ. ವೆಂಡೆಲ್.

ವಾರದ ಹಿಂದೆ ಕೂಕಾ ತಾನಾಗಿಯೇ ಹೇಳಿದ್ದಳು, ‘ಈ ಸಲ ನಿನ್ನ ಗಂಡನ್ನೂ ಕೂರ್ಸೋಣ. ನಮ್ಮ ಚೇಮಾಗೂ ಒಬ್ಬ ಜೊತೆ ಆಗ್ತಾನೆ. ಪಾಪ, ಬಂದ್ರೆ ಒಬ್ನೇ ಕೂತಿರ್ತಾನೆ, ನಾನೋ ಡಾಮಿನೋ ಆಡಕ್ಕೆ ಬರದ ಕತ್ತೆ.’ ಬೇಡ ಅನ್ನಬಹುದಿತ್ತು. ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಈ ದಪ್ಪ ಕಾಲಿನ ಹೆಂಗಸು ತನ್ನ ಗಂಡನ ಪಕ್ಕ ಜಾಗ ಬಿಡುವುದೆಂದರೆ ಎಂಥ ಮಾತು ಎಂದು ಆರ್ಲೀನ್‌ಗೆ ಗೊತ್ತಿತ್ತು. ಚೇಮಾ ದೋಣಿಯಲ್ಲಿ ಹೋದವನು ಮರಳಲಿಲ್ಲ, ಹೆಣವೂ ಸಿಗಲಿಲ್ಲ. ವರ್ಷಗಟ್ಟಲೆ ಕೂಕಾ ಅವನ ಫೋಟೋವನ್ನು ಎಡೆಯ ಮೇಜಿಗೆ ತರಲಿಲ್ಲ. ಊರ ಹೆಂಗಸರೆಲ್ಲ ಬುದ್ಧಿ ಹೇಳಿ ಸೋತರು, ಪಾದ್ರಿ ಬಂದು ಹೇಳಿ ಸೋತ. ‘ಅಲ್ಲಿ ಇಟ್ಟುಬಿಟ್ರೆ ನಾನೇ ಕೈಯಾರೆ ಮುಳುಗಿಸಿದ ಹಾಗಲ್ವಾ?’ ಎಂದು ತೆಂಗಿನ ಹೊಗೆಯ ಹಿಂದಿನಿಂದ ಹೇಳಿದ್ದಳು. ‘ಕೊನೆಗೊಂದು ವರ್ಷ ಸುಸ್ತಾಗೋಯ್ತು ಕಣೆ. ಇಟ್ಟೆ. ಇಟ್ಟ ದಿನ ಸತ್ತ ಅವನು, ದೋಣಿ ಮಗುಚಿದ ದಿನ ಅಲ್ಲ.’ ಅದನ್ನು ಕೇಳಿಯೂ ಆರ್ಲೀನ್ ಮೇಲೆ ಹೋಗಿ ಪರ್ಸಿನಿಂದ ಫೋಟೋ ತಂದಿದ್ದಳು. ಕೂಕಾ ಬೆಳಕಿಗೆ ಹಿಡಿದು ನೋಡಿ, ‘ಅಯ್ಯೋ ಪೆದ್ದಿ, ಇದ್ರಲ್ಲಿ ನೀನೂ ಇದೀಯಲ್ಲೇ! ಬದುಕಿರೋರ ಮುಖ ಈ ಮೇಜಿನ ಮೇಲೆ ಇಡಬಾರ್ದು. ಕರೆದ ಹಾಗಾಗತ್ತೆ. ತಗೋ, ಕತ್ತರಿಸು’ ಎಂದು ಕತ್ತರಿ ಕೊಟ್ಟಳು. ಆರ್ಲೀನ್ ಅಲ್ಲೇ ನಿಂತು ತನ್ನನ್ನು ಅಚ್ಚುಕಟ್ಟಾಗಿ ಕತ್ತರಿಸಿ ಉಳಿಸಿಕೊಂಡಳು. ಅವನ ಹೆಗಲ ಮೇಲಿದ್ದ ತನ್ನ ಉಣ್ಣೆಗವಸಿನ ಕೈ ಮಾತ್ರ ಕತ್ತರಿಗೆ ಸಿಗದೆ ಅಲ್ಲೇ ಉಳಿಯಿತು.

ಇಂಥದನ್ನೆಲ್ಲ ಅವಳು ನಂಬುವವಳಲ್ಲ. ಕೆನಡಾದ ಬಯಲುಸೀಮೆಯ ಗೋಧಿ ಹೊಲಗಳ ನಡುವೆ ಬೆಳೆದವಳು, ಸತ್ತವರು ಸತ್ತರು ಎನ್ನುವ ಮನೆತನ. ಹಾಗಿದ್ದ ಮೇಲೆ ತನ್ನ ಮುಖ ಕತ್ತರಿಸುವಾಗ ಕೈ ಯಾಕಷ್ಟು ಬೇಗ ಓಡಿತು? ವಾರವೆಲ್ಲ ಈ ಪ್ರಶ್ನೆಯನ್ನು ಅವಳು ಬಟ್ಟೆಯಡಿ ಮುಚ್ಚಿಟ್ಟಿದ್ದಳು. ಈಗ, ಮೇಜಿನೆದುರು ನಿಂತು ಟೋಪಿಯನ್ನು ನೋಡಿದಾಗ, ಬೆಳಿಗ್ಗೆ ಪರದೆಯಲ್ಲಿ ಕಂಡ ಟೋಪಿ ಅದರ ಮೇಲೆ ಬಂದು ಕೂತಿತು.

‘ನೋಡಿಲ್ಲಿ ಬಿಳಿಯಮ್ಮ’ ಎಂದು ಕೂಕಾ ಅಡಿಗೆಮನೆಯಿಂದ ತಟ್ಟೆ ಹಿಡಿದು ಬಂದಳು. ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ. ಸುಟ್ಟ ಬ್ರೆಡ್ಡಿನ ಅಂಚು ಕೂಡ ಅವನಿಗೆ ಬೇಕಾದ ಹಾಗೆ ಕಪ್ಪಗೆ. ‘ನೀನು ಹೇಳಿದ್ದೆಯಲ್ಲ, ಹಂಗೇ ಮಾಡಿದೀನಿ. ಚೆನ್ನಾಗಿಲ್ದೇ ಇದ್ರೆ ನಿನಗೇ ಬೈಲಿ, ನನಗೆ ಅವನ ಭಾಷೆ ಬರಲ್ಲ.’ ಮೇಜಿನ ಕೆಳಗೆ ತೋರಿಸಿದಳು: ತಾಮ್ರದ ಬೋಗುಣಿ, ಹೊಸ ಸಾಬೂನು, ಟವೆಲು, ಮಡಿಸಿಟ್ಟ ಒಂದು ಕಂಬಳಿ. ‘ಚೇಮಾಗೆ ಕಂಬಳಿ ಬೇಡ, ಇಲ್ಲೇ ಸಮುದ್ರದಿಂದ ಬರೋನು. ನಿನ್ನೋನು ಹಿಮದಿಂದ ಬರ್ಬೇಕು. ನಡುಗ್ತಾ ಬರ್ತಾನೆ, ಪಾಪ.’ ಆರ್ಲೀನ್ ಬಗ್ಗಿ ಕಂಬಳಿಯ ಅಂಚು ಮುಟ್ಟಿದಳು. ಆರೈಕೆಯ ಮನೆಯಲ್ಲಿ ಅವನಿಗೆ ಕಂಬಳಿ ಹೊದಿಸುವವರು ಯಾರೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ‘ಇನ್ನೊಂದು ಕೆಲಸ ಮಾಡಿದೀನಿ’ ಎಂದು ಕೂಕಾ ಅವಳ ರಟ್ಟೆ ಹಿಡಿದು ಬಾಗಿಲಿಗೆ ಎಳೆದೊಯ್ದಳು. ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಹೊಸ್ತಿಲಿನಿಂದ ಎಡಕ್ಕೆ ಕಡಲಿನ ಕಡೆ ಒಂದು ಹೂದಾರಿ, ಪ್ರತಿವರ್ಷದ್ದು, ಚೇಮಾನದ್ದು. ಬಲಕ್ಕೆ ಇನ್ನೊಂದು, ಹೊಸದು. ಹಳದಿ ದಳಗಳ ಸಾಲು ಬೀದಿಯುದ್ದಕ್ಕೂ ಹೋಗಿ ಎಳನೀರಿನ ಗಾಡಿಯ ಹತ್ತಿರ ತಿರುಗಿ ಮರೆಯಾಗಿತ್ತು. ‘ನಿನ್ನೋನಿಗೆ ಈ ಊರು ಗೊತ್ತಿಲ್ಲ, ಯಾರನ್ನಾದ್ರೂ ಕೇಳೋಣ ಅಂದ್ರೆ ನಮ್ಮ ಮಾತು ಬರಲ್ಲ. ಎಲ್ಲೋ ದಾರಿ ತಪ್ಪಿಸ್ಕೊಂಡು ಅಲೀತಿರ್ತಾನೆ. ಅದಕ್ಕೇ ಸೊಸೆಗೆ ಹೇಳಿ ನಿನ್ನೆಯೇ ಬಸ್ ಸ್ಟ್ಯಾಂಡಿಂದ ಹಾಕ್ಸಿದೆ. ಇಳಿದೋನು ಕಣ್ಣು ಮುಚ್ಕೊಂಡು ಬರ್ಬೋದು.’

ಸತ್ತವನು ಬಸ್ಸಿನಲ್ಲಿ ಬಂದಿಳಿಯುವುದು! ಆರ್ಲೀನ್ ನಕ್ಕಳು. ನಗು ಅರ್ಧದಲ್ಲೇ ನಿಂತಿತು. ನಿನ್ನೆಯೇ ಅಂದಳಲ್ಲ. ನಿನ್ನೆಯಿಂದ ಬಾಗಿಲ ಹತ್ರ ನಿಂತಿದಾನೆ ಅಂದಿದ್ದಳು ಶೆರಿಲ್, ಈ ಸಲ ದಾರಿ ಗೊತ್ತು ಅಂತಾನೆ. ಮೂರ್ಖತನ, ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಹೊಸ ಹೂದಾರಿಯನ್ನು ತುಳಿಯದಂತೆ ಹಿಂದೆ ಸರಿದಳು. ಅವನು ದಾರಿ ತಪ್ಪಿಸಿಕೊಂಡ ಆ ಚಳಿಗಾಲದ ಮಧ್ಯಾಹ್ನ ನೆನಪಾಯಿತು: ಬರೀ ಪೈಜಾಮದಲ್ಲಿ ಹೊರಟುಹೋಗಿದ್ದ, ಪೊಲೀಸರ ಜೊತೆ ಊರೆಲ್ಲ ಹುಡುಕಿದ್ದಾಯಿತು, ಅವಳೂ ಕೂಗುತ್ತ ಹುಡುಕಿದ್ದಳು, ಮತ್ತು ಕೂಗು ಕೂಗಿನ ನಡುವೆ ಮನಸ್ಸಿನ ಮೂಲೆಯಲ್ಲೊಂದು ದನಿ, ಸಣ್ಣಗೆ, ಸ್ಪಷ್ಟವಾಗಿ, ಸಿಗದೆ ಹೋಗಲಿ ಅಂದಿತ್ತು. ಸಿಕ್ಕಿದ. ಗೋದಾಮಿನ ಹಿಂದೆ, ನೀಲಿ ತುಟಿಯಲ್ಲಿ ನಗುತ್ತ. ಅವನನ್ನು ಅಪ್ಪಿಕೊಂಡು ಅತ್ತಾಗ ಎಲ್ಲರೂ ಅದನ್ನು ಸಂತೋಷ ಅಂದುಕೊಂಡರು. ಆ ದನಿಯಿಂದ ಓಡಿ ಅವಳು ಈ ದೇಶಕ್ಕೆ ಬಂದದ್ದು, ಊರಿಂದೂರಿಗೆ ಬಿಸಿಲು ಹುಡುಕಿಕೊಂಡು ಬಂದದ್ದು. ಬಂದು ಏನು ಮಾಡಿದಳು? ಮೇಜಿನ ಮೇಲೆ ಅವನನ್ನು ಕೂರಿಸಿ, ದೀಪ ಹಚ್ಚಿಸಿ, ಬಸ್ ಸ್ಟ್ಯಾಂಡಿನಿಂದ ಹೂ ಹಾಸಿಸಿ, ಬಾ ಎಂದು ಕರೆಸುತ್ತಿದ್ದಾಳೆ. ಆ ದನಿ ಅವಳಿಗಿಂತ ಮೊದಲೇ ಇಲ್ಲಿಗೆ ಬಂದು ಮನೆ ಮಾಡಿತ್ತು.

ಕೂಕಾ ಒಲೆ ನೋಡಲು ಒಳಗೆ ಹೋಗಿದ್ದೇ ತಡ, ಆರ್ಲೀನ್ ಅಂಗಳದ ಪೊರಕೆ ಮತ್ತು ಬುಟ್ಟಿ ಹಿಡಿದು ಹೊರಟಳು. ಬಸ್ ಸ್ಟ್ಯಾಂಡಿನ ಹತ್ತಿರ ದಾರಿ ಶುರುವಾಗುವಲ್ಲಿ ಬಗ್ಗಿ ಗುಡಿಸತೊಡಗಿದಳು. ದಳಗಳು ಬಿಸಿಲಿಗೆ ಬಾಡಿ ಕಲ್ಲಿಗೆ ಅಂಟಿಕೊಂಡಿದ್ದವು, ಕೆಲವನ್ನು ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಬಸ್ಸಿಗೆ ಕಾದಿದ್ದವರು ಒಬ್ಬೊಬ್ಬರೇ ಮಾತು ನಿಲ್ಲಿಸಿದರು. ಹೂದಾರಿಯನ್ನು ಗಂಟೆ ಹೊಡೆಯುವ ಮೊದಲೇ ಗುಡಿಸುವುದೆಂದರೆ ಬಾಗಿಲಿಗೆ ಬಂದ ನೆಂಟನ ಮುಖಕ್ಕೆ ನೀರೆರಚಿದ ಹಾಗೆ. ಎಳನೀರು ಮಾರುವ ತಾಚೋ ಕತ್ತಿ ಕೆಳಗಿಟ್ಟು ಕೂಗಿದ: ‘ಏನ್ ಬಿಳಿಯಮ್ಮ, ಮುನ್ಸಿಪಾಲ್ಟಿ ಕೆಲಸಕ್ಕೆ ಸೇರ್ಕೊಂಡ್ರಾ?’ ಯಾರೋ ನಕ್ಕರು. ಅವಳು ತಲೆಯೆತ್ತದೆ ಗುಡಿಸಿದಳು. ‘ಅಲ್ಲಾ ತಾಯಿ, ಯಜಮಾನ್ರು ಬರೋ ಹೊತ್ತಲ್ವಾ? ಜಗಳ ಆಡ್ಕೊಂಡ್ರಾ?’ ಈ ಸಲ ನಗು ಬರಲಿಲ್ಲ. ತಾಚೋನ ದನಿಯೂ ಬದಲಾಗಿತ್ತು. ‘ಕೊಡಿ ಇಲ್ಲಿ, ಏನಾಯ್ತು, ಬಿಸಿಲು ಹೊಡೀತಾ ತಲೆಗೆ?’ ಎಂದು ಪೊರಕೆಗೆ ಕೈ ಹಾಕಿದ. ಅವಳು ಪೊರಕೆಯನ್ನು ಎದೆಗೆ ಅವಚಿಕೊಂಡಳು. ‘ಅವನು ಬರಬಾರದು’ ಅಂದಳು. ತಾಚೋ ಕೈ ಹಿಂದೆ ತೆಗೆದುಕೊಂಡು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

ಬೀದಿಯುದ್ದಕ್ಕೂ ಬಾಗಿಲುಗಳಲ್ಲಿ ಹೆಂಗಸರು ನಿಂತರು. ಬೆನ್ನು ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಒಂದು ದಳವನ್ನೂ ಬಿಡಬಾರದು. ಗಾಳಿಗೆ ಹಾರಿ ಚರಂಡಿ ಸೇರಿದ್ದನ್ನೂ ಕೈಹಾಕಿ ಎತ್ತಿದಳು. ಹೀಗೆ ಮನೆಯವರೆಗೂ ಬಂದಳು. ಹೊಸ್ತಿಲ ಮುಂದೆ ಎರಡು ದಾರಿಗಳೂ ಸೇರಿ ಒಂದೇ ಹಳದಿ ರಾಶಿಯಾಗಿತ್ತು. ಇದರಲ್ಲಿ ಚೇಮಾನದ್ದು ಯಾವುದು, ವೆಂಡೆಲ್‌ನದ್ದು ಯಾವುದು? ಕೂಕಾಳ ಗಂಡ ಬರುವ ದಾರಿಯನ್ನು ಕೆಡಿಸುವ ಹಾಗಿಲ್ಲ. ಮಂಡಿಯೂರಿ, ಒಂದೊಂದೇ ದಳವನ್ನು ಎತ್ತಿ ನೋಡುತ್ತ ಕೂತವಳ ಮುಂದೆ ದಪ್ಪ ಕಾಲುಗಳು ಬಂದು ನಿಂತವು.

‘ಏನೇ ಇದು? ಏನಾಗಿದೆ ನಿನಗೆ?’

ಆರ್ಲೀನ್ ಎದ್ದೇಳಲಿಲ್ಲ. ‘ಅವನು ಬದುಕಿದಾನೆ’ ಎಂದು ಆ ಕಾಲುಗಳಿಗೇ ಹೇಳಿದಳು. ‘ಇವತ್ತು ಬೆಳಿಗ್ಗೆ ಕೂಡ ಇದ್ದ, ಫೋನಲ್ಲಿ ಕಂಡ. ಕೋಟು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದ. ನನ್ನ ಮರೆತುಬಿಟ್ಟಿದಾನೆ ಕೂಕಾ, ಅಷ್ಟೇ. ಸತ್ತಿಲ್ಲ.’

ಬೈಯುತ್ತಾಳೆ ಎಂದು ಕಾದಳು. ಬೀದಿಯ ನಾಯಿಗಳೆಲ್ಲ ಎದ್ದು ಕೂರುವ ಹಾಗೆ ಬೈಯಲಿ ಎಂದು ಆಸೆಪಟ್ಟಳು. ಕಾಲುಗಳು ಒಳಗೆ ಹೋದವು. ತಲೆಯೆತ್ತಿ ನೋಡಿದರೆ ಕೂಕಾ ಮೇಜಿನಿಂದ ಫೋಟೋ ಎತ್ತಿಕೊಂಡು, ಅದರೆದುರಿನ ಬತ್ತಿಯನ್ನು ಬೆರಳಿಂದ ಹಿಸುಕಿ ಆರಿಸಿ, ಕಂಬಳಿಯನ್ನು ಕಪಾಟಿನಲ್ಲಿಟ್ಟು, ಎಲ್ಲವನ್ನೂ ನಿಧಾನವಾಗಿ, ಮನೆಯಿಂದ ಹೆಣ ಎತ್ತಿದ ಮೇಲೆ ಮಾಡುವಷ್ಟು ನಿಧಾನವಾಗಿ ಮಾಡುತ್ತಿದ್ದಳು. ತಟ್ಟೆ ಮತ್ತು ಫೋಟೋ ಹಿಡಿದು ಹೊಸ್ತಿಲಿಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿರಲಿಲ್ಲ.

‘ಪ್ರತಿ ಭಾನುವಾರ ಅವನ ಹೆಸರಲ್ಲಿ ಬತ್ತಿ ಹಚ್ಚಿದೀನಿ’ ಅಂದಳು. ‘ನಿನ್ನ ಜೊತೆ ಕೂತು ಅತ್ತಿದೀನಿ. ನನ್ನೋನು ಬದುಕಿದಾನೆ ಅಂತ ಹೇಳಕ್ಕೆ ಒಂದೇ ಒಂದು ನೆಪ ಸಿಗಲಿ ಅಂತ ಎಷ್ಟು ವರ್ಷ ಕಡಲ ಮುಂದೆ ಕೂತಿದ್ದೆ, ಗೊತ್ತಾ ನಿನಗೆ? ನಿನಗೆ ಅದು ಫೋನಲ್ಲಿ ಬರ್ತಿತ್ತು.’ ತಟ್ಟೆಯನ್ನು ಆರ್ಲೀನ್‌ಳ ಕೈಗಿಟ್ಟು ಅದರ ಮೇಲೆ ಫೋಟೋ ಇಟ್ಟಳು. ‘ತಗೊಂಡು ಹೋಗು. ಬದುಕಿರೋರಿಗೆ ಈ ಮನೇಲಿ ಎಡೆ ಇಡಲ್ಲ.’ ಆಮೇಲೆ ತಾನೇ ಬಗ್ಗಿ, ಕಷ್ಟಪಟ್ಟು, ದಪ್ಪ ಕಾಲುಗಳನ್ನು ಮಡಚಿ ಕೂತು, ಹೊಸ್ತಿಲ ಮುಂದಿನ ದಳಗಳನ್ನು ಅಂಗೈಯಿಂದ ಎಡಕ್ಕೆ, ಕಡಲಿನ ಕಡೆಗೆ ಒತ್ತರಿಸಿದಳು. ಅಷ್ಟು ಸುಲಭವಾಗಿತ್ತು ಅದು.

ಮಾಳಿಗೆಯ ಕೋಣೆಯಲ್ಲಿ ಆರ್ಲೀನ್ ಮಂಚದ ಮೇಲೆ ಕೂತಿದ್ದಾಗ ಗಂಟೆ ಹೊಡೆಯಿತು. ಕೆಳಗಿನಿಂದ ಕೂಕಾಳ ದನಿ ಕೇಳಿಸಿತು, ಇಷ್ಟು ದಿನ ತನಗೆ ಕೇಳಿಸದಿದ್ದ ಎಳೆಯ ದನಿ: ‘ಬಂದ್ಯಾ? ಮೊದಲು ಕಾಲು ತೊಳ್ಕೋ. ಇಲ್ಲ, ಯಾರೂ ಬಂದಿಲ್ಲ, ಈ ಸಲಾನೂ ನಾವಿಬ್ರೇ.’ ಇನ್ನು ಹೊಗೆಯ ಹತ್ತಿರ ಕೂರಲು ತನ್ನನ್ನು ಯಾರೂ ಕರೆಯುವುದಿಲ್ಲ ಎಂದು ಆರ್ಲೀನ್‌ಗೆ ಅರ್ಥವಾಯಿತು. ಇನ್ನೊಂದು ಊರಿಗೆ ಹೋಗಬಹುದು, ಈ ಕರಾವಳಿಗೆ ಕೊನೆಯಿಲ್ಲ. ಅಲ್ಲೂ ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ. ಅವಳು ಫೋನೆತ್ತಿ ಶೆರಿಲ್‌ಗೆ ಕರೆ ಮಾಡಿದಳು.

‘ಏನಮ್ಮಾ, ಏನಾಯ್ತು?’ ಎಂದು ಶೆರಿಲ್ ಗಾಬರಿಯಾದಳು. ತಾನಾಗಿ ಆರ್ಲೀನ್ ಫೋನು ಮಾಡುವುದೇ ಇರಲಿಲ್ಲ. ‘ಇದಾನೆ, ಇದಾನೆ. ಊಟಕ್ಕೂ ಬರದೆ ಅಲ್ಲೇ ನಿಂತಿದಾನೆ, ತಾಳು.’ ಪರದೆ ಅಲುಗಾಡಿತು. ಗಾಜಿನ ಬಾಗಿಲು, ಕೋಟು, ಆಮೇಲೆ ಮೊದಲ ಸಲ ಅವನ ಮುಖ, ಇಷ್ಟು ಹತ್ತಿರ. ಗಡ್ಡವನ್ನು ಯಾರೋ ನುಣ್ಣಗೆ ಬೋಳಿಸಿದ್ದರು. ಅವನು ಅವಳನ್ನು, ಅವಳ ಹಿಂದಿನ ಕಿಟಕಿಯನ್ನು, ಆ ಬೆಳಕನ್ನು ಬಹಳ ಹೊತ್ತು ನೋಡಿದ.

‘ಚೆನ್ನಾಗಿದೆ ಜಾಗ’ ಅಂದ. ‘ಬಿಸಿಲಿದೆ.’

‘ಹೂಂ’ ಅಂದಳು.

‘ಒಬ್ಬರೇ ಇದೀರಾ ಅಲ್ಲಿ?’

‘ಒಬ್ಬಳೇ.’

ಅವನು ಮರ್ಯಾದಸ್ಥ. ಸ್ವಲ್ಪ ಹೊತ್ತು ಬಿಟ್ಟು, ನೊಣ ಓಡಿಸುವ ಹಾಗೆ ಕೈಯಾಡಿಸುತ್ತ, ‘ಯಜಮಾನರು?’ ಎಂದು ಕೇಳಿದ.

ಆರ್ಲೀನ್‌ಳ ತೊಡೆಯ ಮೇಲೆ ತಟ್ಟೆ ಇತ್ತು, ಬ್ರೆಡ್ಡಿನ ಬೆಣ್ಣೆ ಕರಗಿ ಫೋಟೋದ ಅಂಚಿಗೆ ಹತ್ತಿತ್ತು. ‘ಇದಾರೆ’ ಅಂದಳು. ದನಿ ಹೊರಡಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. ‘ಬದುಕಿದಾರೆ.’

‘ಹೌದಾ? ಒಳ್ಳೇದಾಯ್ತು’ ಎಂದು ವೆಂಡೆಲ್ ನಕ್ಕ. ಆಮೇಲೆ ಹಿಂದೆ ತಿರುಗಿ ಬಾಗಿಲನ್ನೊಮ್ಮೆ ನೋಡಿ, ಇವಳನ್ನು ನೋಡಿ, ಏನೋ ಲೆಕ್ಕ ಹಾಕುವವನಂತೆ ಹುಬ್ಬು ಗಂಟಿಕ್ಕಿದ. ‘ಹಂಗಾದ್ರೆ ನೀವು ಹೊರಡಿ. ಕಾಯ್ತಿರ್ತಾರೆ ಪಾಪ, ಊಟ ಮಾಡಿರಲ್ಲ.’ ಹಾಗೆ ಹೇಳಿ ಅವನು ಕೋಟಿನ ಗುಂಡಿ ಬಿಚ್ಚತೊಡಗಿದ.